ಟೆಂಟ್‌ನಿಂದ ಕಾಣದೆ ಹೋದ ಬಾಳೆ ಎಲೆ ಕಟ್ಟು

ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ 1883–84ರಲ್ಲಿ ಕೆನಡಾದ ಬ್ಯಾಫಿನ್ ದ್ವೀಪದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನ್ಯುಟ್ ಜನರ ಜೊತೆ ಇದ್ದು ಬಂದವರು. ಆಮೇಲೆ ತಮ್ಮದೇ ನೋಟ್‌ಬುಕ್ ತಿರುವಿ ಹಾಕುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಒಂದೇ ಹೆಸರನ್ನು ಒಮ್ಮೆ 'ಓಪರ್ನಿವಿಂಗ್' ಅಂತ ಬರೆದುಕೊಂಡಿದ್ದರು. ಇನ್ನೊಮ್ಮೆ 'ಉಪರ್ನಿವಿಕ್', ಮತ್ತೊಮ್ಮೆ 'ಉಪರ್ಡ್ನಿವಿಕ್'. ಆಗಿನ ಕೆಲವು ಪಂಡಿತರು ಇಂಥದ್ದನ್ನು ಕಂಡರೆ 'ಹಿಂದುಳಿದ ಭಾಷೆಗಳಲ್ಲಿ ಉಚ್ಚಾರ ಗಟ್ಟಿಯಾಗಿ ನಿಲ್ಲುವುದಿಲ್ಲ' ಎಂದು ತೀರ್ಪು ಕೊಟ್ಟುಬಿಡುತ್ತಿದ್ದರು. 1889ರಲ್ಲಿ ಬೋವಾಸ್ ಬರೆದ ಸಣ್ಣ ಲೇಖನ ಈ ಮಾತನ್ನು ತಲೆಕೆಳಗು ಮಾಡಿತು. ಹೇಳಿದವರು ಸರಿಯಾಗೇ ಹೇಳಿದ್ದಾರೆ, ತಪ್ಪಿದ್ದು ಕೇಳಿದವನ ಕಿವಿ. ಕಿವಿ ತನಗೆ ಗೊತ್ತಿಲ್ಲದ ಸದ್ದನ್ನು ಗೊತ್ತಿರುವ ಸದ್ದಿನ ಡಬ್ಬಿಗೆ ತುರುಕುತ್ತದೆ. ನಮ್ಮ ತ ಮತ್ತು ಟ ಎರಡೂ ಇಂಗ್ಲಿಷ್ ಕಿವಿಗೆ ಒಂದೇ ಥರ ಕೇಳಿಸುತ್ತವಲ್ಲ, ಹಾಗೆ.

ಇಲ್ಲಿ ಯಾರಿಗೂ ದುರುದ್ದೇಶ ಇರಲಿಲ್ಲ. ಮಾನವಶಾಸ್ತ್ರದಲ್ಲಿ ಸಂಶೋಧಕರ ಪೂರ್ವಗ್ರಹದ ಕಥೆ ಬಹುಪಾಲು ಹೀಗೇ ಇದೆ. ಸುಳ್ಳು ಬರೆದವರು ಕಡಿಮೆ. ಎದುರಿಗಿದ್ದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಜಾಸ್ತಿ.

ಮೊದಲೆಲ್ಲ ಬೋವಾಸ್‌ರಂಥ ಕೆಲವರನ್ನು ಬಿಟ್ಟರೆ ಹೆಚ್ಚಿನ ಮಾನವಶಾಸ್ತ್ರಜ್ಞರು ಊರು ಬಿಟ್ಟು ಹೊರಡುತ್ತಿರಲಿಲ್ಲ. ಪಾದ್ರಿಗಳು, ವ್ಯಾಪಾರಿಗಳು, ಅಧಿಕಾರಿಗಳು ಕಳಿಸಿದ ವರದಿಗಳನ್ನು ಕುರ್ಚಿಯಲ್ಲಿ ಕೂತು ಜೋಡಿಸುತ್ತಿದ್ದರು. ಇದನ್ನು ಬದಲಿಸಿದವರಲ್ಲಿ ದೊಡ್ಡ ಹೆಸರು ಬ್ರೊನಿಸ್ಲಾವ್ ಮಲಿನೋವ್‌ಸ್ಕಿ. ಪೋಲೆಂಡಿನವರು. 1915ರಿಂದ 1918ರ ನಡುವೆ ಎರಡು ಸಲ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಹೋಗಿ, ಒಮರಕಾನ ಎಂಬ ಹಳ್ಳಿಯ ನಡುವೆ ಟೆಂಟ್ ಹಾಕಿದರು. ಈಗ ಅದು ಪಪುವಾ ನ್ಯೂಗಿನಿಯ ಭಾಗ. ಬಿಳಿಯರ ಸಹವಾಸ ಬಿಡಿ, ಅಲ್ಲಿನ ಜನರ ಭಾಷೆ ಕಲಿಯಿರಿ, ದಿನನಿತ್ಯದ ಬದುಕಲ್ಲಿ ಬೆರೆಯಿರಿ, ಅವರ ಕಣ್ಣಿಂದ ಅವರ ಲೋಕ ನೋಡಿ ಎಂದು 1922ರ ಪುಸ್ತಕದಲ್ಲಿ ಬರೆದರು. ಸಹಭಾಗಿ ಅವಲೋಕನ ಅಂತ ಇವತ್ತು ಪಾಠ ಮಾಡುವುದರ ಬುನಾದಿ ಇದೇ.

1967ರಲ್ಲಿ ಅವರ ಖಾಸಗಿ ಡೈರಿ ಅಚ್ಚಾಯಿತು. ಅವರು ತೀರಿಕೊಂಡು ಆಗಲೇ 25 ವರ್ಷ ಆಗಿತ್ತು. ಡೈರಿಯಲ್ಲಿ ಮನೆಯ ನೆನಪು, ಆರೋಗ್ಯದ ಚಿಂತೆ, ಕೆಲಸ ಬಿಟ್ಟು ಕಾದಂಬರಿ ಓದುತ್ತಾ ಕಳೆದ ದಿನಗಳು, ಜೊತೆಗೆ ದ್ವೀಪದ ಜನರ ಮೇಲೆ ಸಿಡುಕು ಮತ್ತು ಕೀಳು ಮಾತು. ವಿದ್ವಾಂಸರ ಲೋಕದಲ್ಲಿ ದೊಡ್ಡ ಗದ್ದಲವೇ ಆಯಿತು. ನನಗೇನೋ ಆ ಬೈಗುಳಗಳಿಗಿಂತ ಬೇರೆಯದೇ ಮುಖ್ಯ ಅನಿಸುತ್ತದೆ. ಯಾರೂ ಓದದಿರಲಿ ಎಂದು ಬರೆದ ಡೈರಿಯ ಸಿಡುಕು ಒಂದು ಕಡೆ ಇರಲಿ. ಎಲ್ಲರೂ ಮೆಚ್ಚಿದ ಪುಸ್ತಕದಲ್ಲಿ ಏನು ಬಿಟ್ಟುಹೋಗಿತ್ತು?

ಅದು ತಿಳಿದದ್ದು ಅಮೆರಿಕದ ಮಾನವಶಾಸ್ತ್ರಜ್ಞೆ ಆನೆಟ್ ವೀನರ್ ಅವರಿಂದ. ಮಲಿನೋವ್‌ಸ್ಕಿ ಮನಸೋತಿದ್ದು 'ಕುಲ' ಎಂಬ ವಿನಿಮಯಕ್ಕೆ. ಗಂಡಸರು ದೋಣಿ ಕಟ್ಟಿಕೊಂಡು ಸಮುದ್ರ ದಾಟುತ್ತಾರೆ. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಲ್ಲಿ ಸುತ್ತಿದರೆ, ಚಿಪ್ಪಿನ ತೋಳುಬಳೆಗಳು ಎದುರು ದಿಕ್ಕಲ್ಲಿ ಸುತ್ತುತ್ತವೆ. ಪುಸ್ತಕದ ಹೆಸರಿಗೆ ಅವರು ಗ್ರೀಕ್ ಪುರಾಣದ ಸಮುದ್ರವೀರರನ್ನೇ ತಂದರು. ಯಾರ ಕಣ್ಣಿಂದ ನೋಡಿದ್ದು ಅನ್ನುವುದು ಹೆಸರಲ್ಲೇ ಗೊತ್ತಾಗುತ್ತದೆ, ಅಲ್ವಾ?

ವೀನರ್ 1971ರಲ್ಲಿ ಅದೇ ದ್ವೀಪಗಳಿಗೆ ಹೋಗಿದ್ದು ಮರದ ಕೆತ್ತನೆಯ ಅಧ್ಯಯನಕ್ಕೆ. ಅದೂ ಗಂಡಸರ ಕೆಲಸವೇ. ಆದರೆ ಹಳ್ಳಿಗೆ ಬಂದ ಮೊದಲ ದಿನವೇ ಅಲ್ಲಿನ ಹೆಂಗಸರು ಅವರನ್ನು ಒಂದು ಸಾವಿನ ಕಾರ್ಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ರಾಶಿ ರಾಶಿ ಬಾಳೆ ಎಲೆ ಕಟ್ಟುಗಳು. ಎಲೆಯನ್ನು ಗೆರೆ ಕೊರೆದ ಹಲಗೆ ಮೇಲಿಟ್ಟು ಕೆರೆದು, ಒಣಗಿಸಿ, ಬುಡ ಬಿಗಿದು ಮಾಡಿದ ಪುಟ್ಟ ಪೊರಕೆಯಂಥ ವಸ್ತು. ಹೊರಗಿನವರಿಗೆ ಅದು ಕಸ. ಅಲ್ಲಿ ಅದೇ ಹೆಂಗಸರ ಆಸ್ತಿ. ಸತ್ತವರ ತಾಯಿ ಕಡೆಯ ವಂಶದ ಹೆಂಗಸರು ಅದನ್ನು ಸಾವಿರಗಟ್ಟಲೆ ಹಂಚಿ, ಸತ್ತವರ ಪರವಾಗಿ ಎಲ್ಲರ ಋಣ ತೀರಿಸುತ್ತಿದ್ದರು. ಹೆಂಡತಿಗೆ ಕಟ್ಟು ಸಾಲದಿದ್ದರೆ ಗಂಡ ತನ್ನ ಗೆಣಸು, ಹಂದಿ, ದುಡ್ಡು ಕೊಟ್ಟು ಕೊಂಡು ತರಬೇಕಿತ್ತು. ಅಂದರೆ ಗಂಡಸರ ಸಂಪತ್ತೂ ಈ ಎಲೆಗಳ ಕಡೆಗೇ ಹರಿಯುತ್ತಿತ್ತು.

ಮಲಿನೋವ್‌ಸ್ಕಿ ಇದನ್ನು ಕಂಡಿರಲಿಲ್ಲವೇ? ಕಂಡಿದ್ದರು, ಸಾವಿನ ಕಾರ್ಯದಲ್ಲಿ ಹೆಂಗಸರು ಹಂಚುವುದರ ಬಗ್ಗೆ ಬರೆದೂ ಇದ್ದರು. ಅದನ್ನು ಆಸ್ತಿ, ವ್ಯವಹಾರ ಅನ್ನುವ ಲೆಕ್ಕದಲ್ಲಿ ಮಾತ್ರ ಹಿಡಿಯಲಿಲ್ಲ. ವೀನರ್ ಅವರ ಪುಸ್ತಕ ಬಂದದ್ದು 1976ರಲ್ಲಿ.

ಮೆಕ್ಸಿಕೋದ ಟೆಪೊಜ್ಟ್ಲಾನ್ ಎಂಬ ಊರಿನ ಕಥೆ ಇನ್ನೂ ಸ್ವಾರಸ್ಯದ್ದು. ರಾಬರ್ಟ್ ರೆಡ್‌ಫೀಲ್ಡ್ 1930ರಲ್ಲಿ ಬರೆದ ಪುಸ್ತಕದಲ್ಲಿ ಅದು ಹಬ್ಬ, ಹಾಡು, ಹೊಂದಾಣಿಕೆಯ ಊರು. 1951ರಲ್ಲಿ ಆಸ್ಕರ್ ಲೂಯಿಸ್ ಬರೆದಾಗ ಅದೇ ಊರಲ್ಲಿ ಬಡತನ, ಜಮೀನಿನ ಜಗಳ, ಅನುಮಾನ, ಹೊಟ್ಟೆಕಿಚ್ಚು. ನಡುವೆ ಹೋದ ವರ್ಷಗಳಿಂದಲೇ ಇಷ್ಟು ವ್ಯತ್ಯಾಸ ಬಂತು ಅನ್ನಲಾಗದು. ರೆಡ್‌ಫೀಲ್ಡ್ ಅಲ್ಲಿದ್ದಾಗಲೇ ದಂಗೆ ನಡೆದು, ಸಂಸಾರ ಸಮೇತ ಮೆಕ್ಸಿಕೋ ನಗರಕ್ಕೆ ಹೋಗಬೇಕಾಗಿ ಬಂದಿತ್ತು. ಪುಸ್ತಕದಲ್ಲಿ ಆ ಗಲಾಟೆಯ ನೆರಳು ಬಲು ತೆಳು. ಮುಂದೆ ಅವರೇ ಒಪ್ಪಿಕೊಂಡರು: ನನ್ನ ಪುಸ್ತಕದ ಹಿಂದಿದ್ದ ಪ್ರಶ್ನೆ 'ಈ ಜನ ಯಾವುದರಲ್ಲಿ ಸುಖ ಕಾಣುತ್ತಾರೆ' ಎಂಬುದು, ಲೂಯಿಸ್ ಪುಸ್ತಕದ ಹಿಂದಿದ್ದದ್ದು 'ಯಾವುದರಿಂದ ನರಳುತ್ತಾರೆ' ಎಂಬುದು. ಇಷ್ಟು ನೇರವಾಗಿ ಒಪ್ಪಿಕೊಂಡವರು ಅಪರೂಪ. ಪೆಸಿಫಿಕ್‌ನ ಸಮೋವಾ ದ್ವೀಪಗಳ ಬಗ್ಗೆ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಬರೆದದ್ದು ತಪ್ಪು ಎಂದು ಡೆರೆಕ್ ಫ್ರೀಮನ್ 1983ರಲ್ಲಿ ತೆಗೆದ ಜಗಳ ಇದಕ್ಕಿಂತ ಜಾಸ್ತಿ ಸದ್ದು ಮಾಡಿತು. ಕಲಿಯುವುದಕ್ಕೆ ಟೆಪೊಜ್ಟ್ಲಾನ್ ಕಥೆಯೇ ವಾಸಿ.

ಒಳಗಿನವರೇ ನೋಡಿದರೆ ಈ ತೊಂದರೆ ಇರುವುದಿಲ್ಲ ಅನ್ನೋಣವೇ? 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದಾಗ ಭಾಷೆ ಅವರದ್ದೇ, ಸೀಮೆಯೂ ಅವರದ್ದೇ. ಆದರೆ ಹಳ್ಳಿಯವರ ಪಾಲಿಗೆ ಅವರು ಮೊದಲು ಬ್ರಾಹ್ಮಣರು. ಎಲ್ಲಿ ಕೂರಬೇಕು, ಯಾರ ಕೇರಿಗೆ ಹೋಗಬಹುದು ಅನ್ನುವುದು ಅದರಿಂದಲೇ ತೀರ್ಮಾನವಾಗುತ್ತಿತ್ತು. ತಾವು ಮೇಲಿನ ಜಾತಿಗಳ ಕಡೆಯಿಂದಲೇ ಹಳ್ಳಿಯನ್ನು ಹೆಚ್ಚಾಗಿ ನೋಡಿದ್ದನ್ನು ಅವರೂ ಮುಚ್ಚಿಡಲಿಲ್ಲ. ವೀನರ್ ಅವರನ್ನು ಹೆಂಗಸರು ಕರೆದೊಯ್ದದ್ದೂ ಇದೇ ಬಗೆಯದು. ಊರೂ ಸಂಶೋಧಕರನ್ನು ಅಳೆದು, ಅವರಿಗೊಂದು ಜಾಗ ಗೊತ್ತುಮಾಡುತ್ತದೆ.

1980ರ ದಶಕದಲ್ಲಿ ಗಾಳಿ ಬದಲಾಯಿತು. ಜೇಮ್ಸ್ ಕ್ಲಿಫರ್ಡ್ ಮತ್ತು ಜಾರ್ಜ್ ಮಾರ್ಕಸ್ 1986ರಲ್ಲಿ ಸಂಪಾದಿಸಿದ ಲೇಖನಗಳ ಸಂಕಲನ ಬರೆಯುವವರ ಕೈಯನ್ನೇ ಪರೀಕ್ಷೆಗೆ ಇಟ್ಟಿತು. ನಾನು ಯಾರು, ಎಲ್ಲಿಂದ ಬಂದೆ ಎಂದು ಮೊದಲೇ ಹೇಳಿಕೊಳ್ಳುವುದು ರೂಢಿಗೆ ಬಂತು. ಒಳ್ಳೆಯದೇ. ಆದರೆ ಕೆಲವು ಪುಸ್ತಕಗಳಲ್ಲಿ ಲೇಖಕರ ಕಥೆಯೇ ಮುಗಿಯುವುದಿಲ್ಲ, ಊರಿನ ಜನ ಹಿಂದೆ ಕಾಯುತ್ತಾ ನಿಂತಿರುತ್ತಾರೆ! ಸುಮ್ನೆ ಜಾತಿ, ಲಿಂಗ, ದೇಶ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುವವರೂ ಇದ್ದಾರೆ. ಅದಕ್ಕಿಂತ ರೆಡ್‌ಫೀಲ್ಡ್ ಮಾಡಿದಂತೆ ತನ್ನ ಪ್ರಶ್ನೆ ಯಾವುದಾಗಿತ್ತು ಎಂದು ಹೇಳುವುದು ಕಷ್ಟದ ಕೆಲಸ.

ವೀನರ್ ಕೂಡ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಿಲ್ಲ. ಬಾಳೆ ಎಲೆ ಕಟ್ಟನ್ನು ಕಾಲಕ್ಕೆ ಹೊರಗಿನ ವಸ್ತುವಿನ ಹಾಗೆ ಬರೆದಿದ್ದಾರೆ, ವಸಾಹತು ಆಡಳಿತ ತಂದ ಬದಲಾವಣೆ ಅದರಲ್ಲಿ ಇಲ್ಲ ಎಂದು ಮಾರ್ಗರೆಟ್ ಜಾಲಿ 1992ರಲ್ಲಿ ವಾದಿಸಿದರು. ಅಷ್ಟರಲ್ಲಿ ಟ್ರೋಬ್ರಿಯಾಂಡ್‌ನಲ್ಲೇ ಹುಟ್ಟಿದವರೊಬ್ಬರು ಮಾನವಶಾಸ್ತ್ರಕ್ಕೆ ಬಂದಿದ್ದರು: ಲೈನಸ್ ಡಿಗಿಮ್‌ರಿನ. ಡಾಕ್ಟರೇಟ್‌ಗಾಗಿ ಅವರು ಅಧ್ಯಯನ ಮಾಡಿದ್ದು ತಮ್ಮ ದ್ವೀಪವನ್ನಲ್ಲ. ದಕ್ಷಿಣದ ಫರ್ಗುಸನ್ ದ್ವೀಪಕ್ಕೆ ಹೋಗಿ, ಅಲ್ಲಿ ಹೊರಗಿನವರಾಗಿ ಉಳಿದರು.