‘ಅಂತೆ’ ತೆಗೆದರೆ ಉಪಮೆ ರೂಪಕ ಆಗಿಬಿಡುತ್ತದೆಯೇ?

ಪ್ರಶ್ನೆ: ಉಪಮೆಗೂ ರೂಪಕಕ್ಕೂ ಏನು ವ್ಯತ್ಯಾಸ? ‘ಅಂತೆ’, ‘ಹಾಗೆ’ ಅಂತ ಇದ್ದರೆ ಉಪಮೆ, ಇಲ್ಲದಿದ್ದರೆ ರೂಪಕ. ಇಷ್ಟೇ ಅಲ್ವಾ?

ಉತ್ತರ: ಇಷ್ಟೇ ಅಲ್ಲ. ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳು ಕೇಳುತ್ತಾರೆ, ಮಕ್ಕಳಿಗೆ ಪಾಠ ಹೇಳಿಕೊಡಲು ಕೂತ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ‘ಅಂತೆ’ಯ ಸೂತ್ರ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಈ ಸಲ ಬಿಡಿಸಿ ಬಿಡಿಸಿ ಹೇಳುತ್ತೇನೆ.

ಚಿಕ್ಕ ಉತ್ತರ ಮೊದಲು. ಉಪಮೆಯಲ್ಲಿ ಎರಡು ವಸ್ತುಗಳು ಬೇರೆ ಬೇರೆಯಾಗಿಯೇ ಇರುತ್ತವೆ, ಅವುಗಳ ನಡುವೆ ಒಂದು ಹೋಲಿಕೆ ಕಾಣುತ್ತದೆ. ರೂಪಕದಲ್ಲಿ ಎರಡೂ ಒಂದೇ ಎಂದು ಕವಿ ಹೇಳಿಬಿಡುತ್ತಾನೆ. ಸಂಸ್ಕೃತದ ಅಲಂಕಾರಶಾಸ್ತ್ರಕಾರ ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹೇಳಿದ್ದಾನೆ: ಭೇದ ಮರೆಯಾದ ಉಪಮೆಯೇ ರೂಪಕ. 9ನೇ ಶತಮಾನದ ನಮ್ಮ ‘ಕವಿರಾಜಮಾರ್ಗ’ ಹಿಡಿದದ್ದೂ ದಂಡಿಯ ದಾರಿಯನ್ನೇ. ಗಮನಿಸಿ, ಮರೆಯಾಗಬೇಕಾದದ್ದು ಭೇದ. ‘ಅಂತೆ’ ಮರೆಯಾಗಬೇಕು ಎಂದು ದಂಡಿ ಹೇಳಿಲ್ಲ.

ತಪ್ಪು ಶುರುವಾಗುವುದು ಪಾಠದ ಉದಾಹರಣೆಯಿಂದಲೇ. ‘ಸೀತೆಯ ಮುಖ ಕಮಲದಂತೆ ಅರಳಿತು’, ಇದು ಉಪಮೆ. ‘ಸೀತೆಯ ಮುಖಕಮಲ ಅರಳಿತು’, ಇದು ರೂಪಕ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಕಣ್ಣಿಗೆ ಬೀಳುವ ವ್ಯತ್ಯಾಸ ‘ಅಂತೆ’ ಒಂದೇ. ಮಕ್ಕಳು ಅದನ್ನೇ ಹಿಡಿದುಕೊಳ್ಳುತ್ತಾರೆ. ಇಂಗ್ಲಿಷ್ ಪಾಠದಲ್ಲೂ ‘ಲೈಕ್’, ‘ಆ್ಯಸ್’ ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್ ಎಂದು ಕಲಿತು ಬಂದಿರುತ್ತಾರೆ. ಎರಡೂ ಸೇರಿ ನಂಬಿಕೆ ಗಟ್ಟಿಯಾಗುತ್ತದೆ.

ಈಗ ‘ಅಂತೆ’ಯನ್ನೇ ನೋಡೋಣ. ‘ಅವನು ನಾಳೆ ಬರುತ್ತಾನಂತೆ.’ ಇಲ್ಲಿ ಯಾವ ಹೋಲಿಕೆ ಇದೆ? ಯಾರೋ ಹೇಳಿದ ಸುದ್ದಿ ಇದು. ‘ಡಾಕ್ಟರು ಹೇಳಿದಂತೆ ಮಾಡು.’ ಇಲ್ಲೂ ಹೋಲಿಕೆ ಇಲ್ಲ. ಸರಿ, ಹೋಲಿಕೆ ಇರುವ ವಾಕ್ಯವನ್ನೇ ತೆಗೆದುಕೊಳ್ಳಿ: ‘ಅಣ್ಣನಂತೆ ತಮ್ಮನೂ ಎತ್ತರ.’ ಹೋಲಿಕೆ ಇದೆ, ‘ಅಂತೆ’ಯೂ ಇದೆ, ಆದರೂ ಅಲಂಕಾರ ಇಲ್ಲ. ಸುಮ್ನೆ ಒಂದು ಮಾಹಿತಿ, ಅಷ್ಟೇ. ಕಾಡುಹಸು ಹಸುವಿನಂತೆ ಇರುತ್ತದೆ ಎಂದರೆ ಅದು ಉಪಮಾಲಂಕಾರ ಆಗುವುದಿಲ್ಲ ಎಂದು ನಮ್ಮ ಹಳೆಯ ಅಲಂಕಾರಶಾಸ್ತ್ರದವರೇ ಹೇಳಿದ್ದಾರೆ. ಹೋಲಿಕೆಯಲ್ಲಿ ಒಂದು ಸೊಗಸು ಇರಬೇಕು.

ಇನ್ನೂ ಒಂದು. ಅಚ್ಚೋದ ಸರೋವರವು ಲೋಕದ ಲಕ್ಷ್ಮಿ ಮುಖ ನೋಡಿಕೊಳ್ಳಲು ಮಾಡಿಸಿಕೊಂಡ ರನ್ನಗನ್ನಡಿಯೋ ಎಂಬಂತೆ ಹೊಳೆಯುತ್ತಿತ್ತು. ವ್ಯಾಕರಣ ಪುಸ್ತಕಗಳಲ್ಲಿ ಈ ಉದಾಹರಣೆಯನ್ನು ಎಲ್ಲರೂ ಓದಿರುತ್ತೀರಿ. ‘ಎಂಬಂತೆ’ ಎದುರಿಗೇ ಇದೆ. ಆದರೆ ಇದು ಉತ್ಪ್ರೇಕ್ಷೆ. ಕವಿ ಇಲ್ಲಿ ಹೋಲಿಸಲು ಹೊರಟಿಲ್ಲ, ಹೀಗೂ ಇರಬಹುದೇನೋ ಎಂದು ಕಲ್ಪಿಸುತ್ತಿದ್ದಾನೆ.

ಹಾಗಾದರೆ ‘ಅಂತೆ’ ಇಲ್ಲದ ಕಡೆ? ‘ಗಿಳಿಹಸಿರು ಸೀರೆ’ ಅನ್ನುತ್ತೇವೆ. ಸೀರೆಯೇ ಗಿಳಿ ಎಂದು ಯಾರೂ ಹೇಳುತ್ತಿಲ್ಲ. ಗಿಳಿಯಂತೆ ಹಸಿರು ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಉಪಮೇಯ (ವರ್ಣಿಸುವ ವಸ್ತು, ಸೀರೆ) ಇದೆ, ಉಪಮಾನ (ಹೋಲಿಕೆಗೆ ತಂದ ವಸ್ತು, ಗಿಳಿ) ಇದೆ, ಸಮಾನಧರ್ಮ (ಎರಡರಲ್ಲೂ ಇರುವ ಗುಣ, ಹಸಿರು) ಇದೆ, ಉಪಮಾವಾಚಕ (‘ಅಂತೆ’ಯಂಥ ಹೋಲಿಕೆಯ ಪದ) ಮಾತ್ರ ಇಲ್ಲ. ಹೀಗೆ ಒಂದು ಅಂಗ ಬಿಟ್ಟುಹೋದ ಉಪಮೆಗೆ ಲುಪ್ತೋಪಮೆ ಎನ್ನುತ್ತಾರೆ. ಈ ಹೆಸರು ನಿಮ್ಮ ಪಠ್ಯದಲ್ಲೇ ಇದೆ, ನಾಲ್ಕೂ ಅಂಗಗಳಿರುವ ಪೂರ್ಣೋಪಮೆಯ ಪಕ್ಕದಲ್ಲೇ. ‘ಅಂತೆ’ ಬಿಟ್ಟುಹೋದ ಕೂಡಲೇ ರೂಪಕ ಆಗುವುದಾದರೆ ಈ ಹೆಸರು ಯಾಕೆ ಬೇಕಿತ್ತು?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಇಲ್ಲೂ ‘ಅಂತೆ’ ಇಲ್ಲ, ರೂಪಕವೂ ಅಲ್ಲ. ಎರಡು ವಾಕ್ಯಗಳು ಒಂದಕ್ಕೊಂದು ಕನ್ನಡಿ ಹಿಡಿದು ನಿಂತಿವೆ. ಇದು ದೃಷ್ಟಾಂತ. ಇನ್ನು, ಮೀಸೆಯ ಹೆಡ್‌ಮಾಸ್ಟರು ವರಾಂಡಕ್ಕೆ ಕಾಲಿಟ್ಟಾಗ ಹುಡುಗರು ‘ಹುಲಿ ಬಂತು’ ಎಂದರೆ? ಹೆಡ್‌ಮಾಸ್ಟರ ಹೆಸರೇ ಮಾತಿನಲ್ಲಿಲ್ಲ. ಉಪಮಾನ ಉಪಮೇಯವನ್ನು ಪೂರ್ತಿ ನುಂಗಿಬಿಟ್ಟಿದೆ. ನಮ್ಮವರು ಇದನ್ನು ರೂಪಕ ಎನ್ನದೆ ಅತಿಶಯೋಕ್ತಿಯ ಒಂದು ಬಗೆ ಎಂದು ಬೇರೆ ಇಟ್ಟರು. ರೂಪಕದಲ್ಲಿ ಎರಡೂ ಕಣ್ಣೆದುರು ಇರಬೇಕು. ಗ್ರೀಸಿನ ಅರಿಸ್ಟಾಟಲ್ ಮಾತ್ರ, ವೀರ ಅಖಿಲೀಸನನ್ನು ಹೆಸರಿಸದೆ ‘ಸಿಂಹ ನುಗ್ಗಿತು’ ಎಂದರೆ ಅದನ್ನು ಮೆಟಫರ್ ಎಂದೇ ಎಣಿಸುತ್ತಾನೆ. ಅಲ್ಲಿನ ಬುಟ್ಟಿ ದೊಡ್ಡದು.

ನನಗೆ ತುಂಬ ಇಷ್ಟವಾದ ಪರೀಕ್ಷೆ ಒಂದಿದೆ. ‘ಪಾದಕಮಲ’ ಎಂಬ ಒಂದೇ ಪದವನ್ನು ಎರಡು ವಾಕ್ಯಗಳಲ್ಲಿ ಇಡಿ. ‘ಗೆಜ್ಜೆ ಕಟ್ಟಿದ ಪಾದಕಮಲ ಘಲ್ಲೆಂದಿತು.’ ‘ಶಿಷ್ಯನ ಮನಸ್ಸೆಂಬ ದುಂಬಿ ಗುರುವಿನ ಪಾದಕಮಲದ ಜೇನು ಹೀರಿತು.’ ಗೆಜ್ಜೆ ಕಟ್ಟುವುದು ಪಾದಕ್ಕೆ, ಕಮಲಕ್ಕಲ್ಲ. ಹಾಗಾಗಿ ಮೊದಲ ವಾಕ್ಯದಲ್ಲಿ ಪಾದ ಪಾದವಾಗಿಯೇ ಉಳಿಯಿತು, ಕಮಲ ಬರೀ ಹೋಲಿಕೆ. ಅದು ಉಪಮೆ. ಜೇನು ಇರುವುದು ಕಮಲದಲ್ಲಿ, ಪಾದದಲ್ಲಲ್ಲ. ಎರಡನೇ ವಾಕ್ಯದಲ್ಲಿ ಪಾದ ಕಮಲವೇ ಆಗಿದೆ. ಅದು ರೂಪಕ. ಎರಡರಲ್ಲೂ ‘ಅಂತೆ’ ಇಲ್ಲ. ಪದ ಒಂದೇ, ಸಮಾಸ ಒಂದೇ. ತೀರ್ಮಾನ ಮಾಡಿದ್ದು ವಾಕ್ಯದ ಉಳಿದ ಭಾಗ. ಈ ಚರ್ಚೆ ಸಂಸ್ಕೃತದ ಅಲಂಕಾರ ಗ್ರಂಥಗಳಲ್ಲಿ ಎಷ್ಟೋ ಹಿಂದೆಯೇ ನಡೆದಿದೆ. ಅವರು ಎಷ್ಟು ಹತ್ತಿರದಿಂದ ಓದುತ್ತಿದ್ದರು ನೋಡಿ!

ಬಸವಣ್ಣನವರು ಎರಡನ್ನೂ ಬಳಸಿದ್ದಾರೆ, ಎಲ್ಲಿ ಯಾವುದು ಬೇಕು ಎಂದು ಖಚಿತವಾಗಿ ತಿಳಿದು. ‘ನುಡಿದರೆ ಮುತ್ತಿನ ಹಾರದಂತಿರಬೇಕು, ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು, ನುಡಿದರೆ ಸ್ಫಟಿಕದ ಸಲಾಕೆಯಂತಿರಬೇಕು.’ ಒಂದರಿಂದ ಜೋಡಣೆ, ಒಂದರಿಂದ ಬೆಳಕು, ಒಂದರಿಂದ ನೇರ. ನುಡಿ ನುಡಿಯಾಗಿಯೇ ಇದ್ದು ಮೂರರಿಂದಲೂ ಒಂದೊಂದು ಗುಣ ಪಡೆಯುತ್ತದೆ. ಇಲ್ಲಿ ಉಪಮೆಯೇ ಬೇಕು. ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ.’ ಇಲ್ಲಿಗೆ ‘ಅಂತೆ’ ಸೇರಿಸಿ ನೋಡಿ. ನನ್ನ ತಲೆ ಕಳಶದಂತಿದೆ ಎಂದಾಗುತ್ತದೆ. ಬಸವಣ್ಣನವರು ಆಕಾರ ಹೋಲಿಸಲು ಕೂತವರಲ್ಲ. ಉಳ್ಳವರು ಕಟ್ಟಿಸುವ ಶಿವಾಲಯದ ಎದುರು ಬಡವನ ಮೈಯನ್ನೇ ದೇಗುಲವಾಗಿ ನಿಲ್ಲಿಸುತ್ತಿದ್ದಾರೆ. ದೇಗುಲದ ಹಾಗಿರುವ ಮೈ ಆ ಜಾಗದಲ್ಲಿ ನಿಲ್ಲಲಾರದು. ‘ರೂಪಕ ಅಂದರೆ ಅಂತೆ ಬಿಟ್ಟ ಉಪಮೆ’ ಎನ್ನುವವರು ಈ ವಚನವನ್ನು ಒಮ್ಮೆ ಗಟ್ಟಿಯಾಗಿ ಓದಬೇಕು.

ಪರೀಕ್ಷೆಯಲ್ಲಿ ಲಕ್ಷಣವನ್ನು ಉದಾಹರಣೆಗೆ ಹೊಂದಿಸಿ ತೋರಿಸುವ ಸಮನ್ವಯದಲ್ಲಿ ‘ಅಂತೆ ಇಲ್ಲ, ಆದ್ದರಿಂದ ರೂಪಕ’ ಎಂದು ದಯವಿಟ್ಟು ಬರೆಯಬೇಡಿ. ಉಪಮೇಯ ಯಾವುದು, ಉಪಮಾನ ಯಾವುದು, ಎರಡಕ್ಕೂ ಭೇದವಿಲ್ಲ ಎಂದು ಎಲ್ಲಿ ಹೇಳಿದೆ, ಅದನ್ನು ಬರೆಯಿರಿ.

ರೇಡಿಯೋದಲ್ಲಿ ರೂಪಕ, ಶಾಲಾ ವಾರ್ಷಿಕೋತ್ಸವದಲ್ಲಿ ನೃತ್ಯರೂಪಕ ಅನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಸಂಬಂಧ ಇದೆ. 10ನೇ ಶತಮಾನದಲ್ಲಿ ಧನಂಜಯ ನಾಟ್ಯದ ಬಗ್ಗೆ ‘ದಶರೂಪಕ’ ಎಂಬ ಸಂಸ್ಕೃತ ಗ್ರಂಥ ಬರೆದ. ನಟನ ಮೇಲೆ ಪಾತ್ರದ ರೂಪವನ್ನು ಆರೋಪಿಸುವುದರಿಂದ ಆಟಕ್ಕೆ ರೂಪಕ ಎಂದು ಹೆಸರು ಎನ್ನುತ್ತಾನೆ. ಮುಖದ ಮೇಲೆ ಕಮಲದ ರೂಪ ಬಂದ ಹಾಗೆಯೇ ಇದೂ. ಯಕ್ಷಗಾನದಲ್ಲಿ ಕರ್ಣನ ವೇಷ ರಂಗಕ್ಕೆ ಬಂದಾಗ ಒಳಗಿರುವವರು ನಮ್ಮೂರಿನವರೇ ಎಂದು ನಮಗೆ ಗೊತ್ತು. ಗೊತ್ತಿದ್ದೂ ಕರ್ಣ ಎಂದೇ ನೋಡುತ್ತೇವೆ. ನಿಜಕ್ಕೂ ಕರ್ಣನೇ ಎಂದು ಮೋಸಹೋದರೆ ಅದು ಭ್ರಾಂತಿ. ಅಲಂಕಾರಗಳಲ್ಲಿ ಅದಕ್ಕೂ ಭ್ರಾಂತಿಮಾನ್ ಎಂಬ ಬೇರೆಯೇ ಹೆಸರಿದೆ. ಧನಂಜಯ ಎಣಿಸುವ ಹತ್ತು ರೂಪಕಗಳಲ್ಲಿ ಮೊದಲನೆಯದು ನಾಟಕ. ನಾವು ಈಗಲೂ ಬಳಸುವ ಪ್ರಹಸನ ಎಂಬ ಹೆಸರೂ ಅದೇ ಪಟ್ಟಿಯದು.