ನಾನು ಲಾಯರ್ ಅಲ್ಲ, ಕೋರ್ಟಲ್ಲಿ ಅವರ ಜೊತೆ ನಿಲ್ಲಬಹುದಾ?

ಪ್ರಶ್ನೆ: ಮೇಡಂ, ನಾನು ರಿಟೈರ್ ಆದ ಪ್ರೈಮರಿ ಸ್ಕೂಲ್ ಟೀಚರ್. ಕಾನೂನು ಓದಿಲ್ಲ. ಬುದ್ಧಿಮಾಂದ್ಯರು ಪೊಲೀಸು, ಕೋರ್ಟು ಅಂತ ಸಿಕ್ಕಿಹಾಕಿಕೊಂಡಾಗ ಅವರ ಜೊತೆಗೆ ನಿಲ್ಲುವ ಸ್ವಯಂಸೇವೆ ಮಾಡಬೇಕು ಅಂತ ಆಸೆ. ಮಾಡಬಹುದಾ? ಹೇಗಿದ್ದರೂ ಅವರ ಮಾತು ಕೋರ್ಟಲ್ಲಿ ನಿಲ್ಲಲ್ಲ ಅಂತಾರಲ್ಲ. ಅವರ ಪರವಾಗಿ ನಾನೇ ವಿಷಯ ಹೇಳಿದರೆ ನಡೆಯುತ್ತಾ?

ಉತ್ತರ: ಜೊತೆಗೆ ನಿಲ್ಲೋದು ಖಂಡಿತ ಆಗುತ್ತದೆ. ಅವರ ಪರವಾಗಿ ನೀವೇ ಹೇಳೋದು ಖಂಡಿತ ಆಗೋದಿಲ್ಲ. ತರಬೇತಿ ಕೊಡಲು ಹೋದಲ್ಲೆಲ್ಲ ಈ ಎರಡು ಪ್ರಶ್ನೆ ಜೋಡಿಯಾಗೇ ಬರುತ್ತವೆ. ಮಧ್ಯಾಹ್ನ ಊಟದ ಹೊತ್ತಿಗೆ ಉತ್ತರ ಕೊಟ್ಟಿರುತ್ತೇನೆ, ಸಂಜೆ ಟೀ ಹೊತ್ತಿಗೆ ಮತ್ತೊಬ್ಬರು ಅದನ್ನೇ ಕೇಳುತ್ತಾರೆ. ಇರಲಿ, ಬರೆದೇ ಬಿಡುತ್ತೇನೆ.

ಮೊದಲನೆಯದು ಸುಲಭ. ನಿಮ್ಮ ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ತಾಲೂಕಿನಲ್ಲಾದರೆ ತಾಲೂಕು ಕಾನೂನು ಸೇವಾ ಸಮಿತಿ. ಅಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್, ಅಂದರೆ ಕಾನೂನು ನೆರವಿನ ಸ್ವಯಂಸೇವಕರು, ಅಂತ ಜನರನ್ನು ತೆಗೆದುಕೊಳ್ಳುತ್ತಾರೆ. ಎಲ್ಲರ ಬಾಯಲ್ಲೂ ಅದು ಪಿಎಲ್‌ವಿ. 2009ರಲ್ಲಿ ರಾಷ್ಟ್ರೀಯ ಪ್ರಾಧಿಕಾರ, ಅಂದರೆ ನಾಲ್ಸಾ, ಶುರು ಮಾಡಿದ ಯೋಜನೆ. ಇದಕ್ಕೆ ಲಾಯರ್ ಆಗಿರಬೇಕಿಲ್ಲ. ಟೀಚರು, ನಿವೃತ್ತ ನೌಕರರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು ಎಲ್ಲರೂ ಆಗಬಹುದು. ಜೈಲಿನಲ್ಲಿ ದೀರ್ಘ ಶಿಕ್ಷೆ ಅನುಭವಿಸುತ್ತಿರುವ ವಿದ್ಯಾವಂತ ಕೈದಿಗಳೂ ಆಗಬಹುದು. ಅರ್ಜಿ ಹಾಕಿ, ಆಯ್ಕೆ ಆದರೆ ತರಬೇತಿ, ಆಮೇಲೆ ಗುರುತಿನ ಚೀಟಿ. ಸಂಬಳ ಇಲ್ಲ, ಕೆಲಸ ಮಾಡಿದ ದಿನಕ್ಕೆ ಗೌರವಧನ. 2024ರಲ್ಲಿ ನಾಲ್ಸಾ ಮಾನಸಿಕ ಕಾಯಿಲೆ ಮತ್ತು ಬೌದ್ಧಿಕ ವೈಕಲ್ಯ ಇರುವವರಿಗೆ ಅಂತಲೇ ಬೇರೆ ಯೋಜನೆ ತಂದಿದೆ. ಅದರಲ್ಲಿ ‘ಮನೋನ್ಯಾಯ’ ಅನ್ನುವ ಘಟಕ ಇದೆ, ವಕೀಲರ ಜೊತೆ ಪಿಎಲ್‌ವಿಗಳೂ ಇರುತ್ತಾರೆ. ಹೋದಾಗ ಆ ಹೆಸರು ಹೇಳಿಯೇ ವಿಚಾರಿಸಿ.

ಈಗ ನನ್ನ ತಲೆ ತಿನ್ನುವ ಆ ಮಾತಿಗೆ ಬರೋಣ. ‘ಅವರ ಮಾತು ಕೋರ್ಟಲ್ಲಿ ನಿಲ್ಲಲ್ಲ.’

ಯಾರು ಹೇಳಿದರು? ಕೇಳಿದರೆ ‘ಎಲ್ಲರೂ ಹೇಳ್ತಾರೆ’ ಅನ್ನುತ್ತಾರೆ. ಸ್ಟೇಷನ್ ರೈಟರ್ ಹೇಳುತ್ತಾರೆ, ಊರಿನ ಹಿರಿಯರು ಹೇಳುತ್ತಾರೆ, ಎಷ್ಟೋ ಸಲ ಅಪ್ಪ ಅಮ್ಮನೇ ಹೇಳುತ್ತಾರೆ. ಕಾನೂನು ಮಾತ್ರ ಯಾವತ್ತೂ ಹಾಗೆ ಹೇಳಿಲ್ಲ. ಬ್ರಿಟಿಷರ ಕಾಲದ 1872ರ ಸಾಕ್ಷ್ಯ ಕಾಯ್ದೆಯ 118ನೇ ಕಲಂ ತೆಗೆದು ನೋಡಿ. ಎಲ್ಲರೂ ಸಾಕ್ಷಿ ಹೇಳಬಹುದು ಅಂತಲೇ ಅದು ಶುರುವಾಗುತ್ತದೆ. ಕೇಳಿದ ಪ್ರಶ್ನೆ ಅರ್ಥ ಆಗದಿದ್ದರೆ, ಅದಕ್ಕೆ ಹೊಂದುವ ಉತ್ತರ ಕೊಡೋಕೆ ಆಗದಿದ್ದರೆ ಮಾತ್ರ ಬೇಡ. ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಅಂತ ಅದರ ಕೆಳಗೇ ವಿವರಣೆ ಇದೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಅಲ್ಲಿ ಇದು 124ನೇ ಕಲಂ. ನಂಬರ್ ಬದಲಾಗಿದೆ, ಮಾತು ಅದೇ. ನೂರೈವತ್ತು ವರ್ಷ ಹಳೆಯ ಕಾನೂನು ಸ್ವಾಮಿ, ನಿನ್ನೆ ಮೊನ್ನೆಯದಲ್ಲ!

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ನನ್ನ ಪ್ರಕಾರ ಎರಡು ಕಡೆಯಿಂದ. ಒಂದು, ಒಪ್ಪಂದದ ಕಾನೂನು. ಜಮೀನು ಮಾರೋದು, ಸಾಲಪತ್ರಕ್ಕೆ ಸಹಿ ಹಾಕೋದು, ಇಂಥದ್ದಕ್ಕೆ ವ್ಯವಹಾರ ತಿಳಿಯುವ ಬುದ್ಧಿ ಬೇಕು ಅಂತ ಕಾನೂನು ಕೇಳುತ್ತದೆ. ಜನ ಅದನ್ನೇ ತಂದು ಸಾಕ್ಷಿಕಟ್ಟೆಗೆ ಅಂಟಿಸಿದ್ದಾರೆ. ತನ್ನನ್ನು ಯಾರು ಹೊಡೆದರು ಅಂತ ಹೇಳೋಕೆ ಬಡ್ಡಿ ಲೆಕ್ಕ ಗೊತ್ತಿರಬೇಕಾ?

ಇನ್ನೊಂದು, ಆ ಸರ್ಟಿಫಿಕೇಟು. ಯುಡಿಐಡಿ ಕಾರ್ಡಿನಲ್ಲಿ, ಅಂದರೆ ಸರ್ಕಾರ ಕೊಡುವ ವೈಕಲ್ಯದ ಗುರುತಿನ ಚೀಟಿಯಲ್ಲಿ, 75% ಅಂತ ಇರುತ್ತದೆ. ನೋಡಿದವರು ತಲೆಯ ಮುಕ್ಕಾಲು ಭಾಗ ಖಾಲಿ ಅಂತಲೇ ತಿಳಿಯುತ್ತಾರೆ. ಹಾಗಲ್ಲ. ಬೌದ್ಧಿಕ ವೈಕಲ್ಯದಲ್ಲಿ ಸೌಮ್ಯ ಮಟ್ಟಕ್ಕೆ 50, ಮಧ್ಯಮಕ್ಕೆ 75, ತೀವ್ರಕ್ಕೆ 90, ಅತಿ ತೀವ್ರಕ್ಕೆ 100 ಅಂತ ಸರ್ಕಾರ ಮೊದಲೇ ಗೊತ್ತುಮಾಡಿರುವ ಅಂಕಿ ಅದು. ಮಾಸಾಶನಕ್ಕೆ, ಬಸ್ ಪಾಸಿಗೆ ಬೇಕು. ಕಂಡದ್ದನ್ನು ಕಂಡ ಹಾಗೆ ಹೇಳಬಲ್ಲರಾ ಇಲ್ಲವಾ ಅನ್ನೋದನ್ನು ಅದು ಅಳೆಯೋದೇ ಇಲ್ಲ. ಅದನ್ನು ನೋಡುವವರು ಜಡ್ಜು. ಅವರೇ ಮೊದಲು ನಾಲ್ಕು ಮಾತು ಆಡಿಸುತ್ತಾರೆ. ಹೆಸರೇನು, ಯಾರ ಜೊತೆ ಬಂದೆ, ಸುಳ್ಳು ಹೇಳೋದು ಸರಿಯಾ ತಪ್ಪಾ, ಹೀಗೆ. ಆಮೇಲೆ ತೀರ್ಮಾನ.

2021ರಲ್ಲಿ ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಡಿಸಿ ಹೇಳಿತು. ಅಲ್ಲಿನ ಸಂತ್ರಸ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಆದರೆ ಕೋರ್ಟಿನ ಮಾತು ಎಲ್ಲ ವೈಕಲ್ಯಗಳಿಗೂ ಸೇರಿದ್ದು: ಲೋಕದ ಜೊತೆ ಬೇರೆ ರೀತಿಯಲ್ಲಿ ವ್ಯವಹರಿಸುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಅವರ ಸಾಕ್ಷ್ಯ ದುರ್ಬಲ ಆಗೋದಿಲ್ಲ.

ಕಾನೂನು ಹೀಗಿದ್ದರೂ ಸಾಕ್ಷಿ ಬಿದ್ದುಹೋಗುತ್ತದಲ್ಲ ಅಂತೀರಾ? ಬೀಳುತ್ತದೆ. ಆದರೆ ಹೆಚ್ಚಿನ ಸಲ ಬೀಳೋದು ಪ್ರಶ್ನೆಯ ದೋಷದಿಂದ. ಒಂದು ಉದಾಹರಣೆ ನೋಡಿ. ‘ಘಟನೆ ಎಷ್ಟು ಗಂಟೆಗೆ ನಡೆಯಿತು?’ ಅಂತ ಕೇಳುತ್ತಾರೆ. ಗಡಿಯಾರ ಓದೋಕೆ ಬಾರದ ಹುಡುಗಿ ‘ಹತ್ತು ಗಂಟೆ’ ಅನ್ನುತ್ತಾಳೆ. ಅವಳಿಗೆ ಗೊತ್ತಿರುವ ಗಂಟೆ ಅದೊಂದೇ. ಎಫ್ಐಆರ್‌ನಲ್ಲಿ ಸಂಜೆ ಅಂತ ಇರುತ್ತದೆ. ಮುಗೀತು, ಸುಳ್ಳುಸಾಕ್ಷಿ! ಅದೇ ಹುಡುಗಿಗೆ ‘ಆಗ ಅಮ್ಮ ಎಲ್ಲಿದ್ದರು?’ ಅಂತ ಕೇಳಿ. ‘ಡೈರಿಗೆ ಹಾಲು ಹಾಕೋಕೆ ಹೋಗಿದ್ದಳು’ ಅಂತ ತಟ್ಟನೆ ಹೇಳುತ್ತಾಳೆ. ಡೈರಿಯಲ್ಲಿ ಸಂಜೆ ಹಾಲು ತಗೊಳ್ಳೋ ಹೊತ್ತು ಇಡೀ ಊರಿಗೇ ಗೊತ್ತು.

ಇನ್ನೊಂದು ಅಪಾಯ, ತಲೆ ಆಡಿಸೋದು. ‘ಅವನು ನಿನ್ನ ಕೈ ಹಿಡಿದ, ಅಲ್ವಾ?’ ಹೂಂ. ‘ಅವನು ಕೈ ಹಿಡೀಲಿಲ್ಲ, ಅಲ್ವಾ?’ ಅದಕ್ಕೂ ಹೂಂ. ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಹೂಂ ಅಂದರೆ ಎದುರಿನವರು ಬೈಯಲ್ಲ ಅಂತ ಚಿಕ್ಕಂದಿನಿಂದ ಕಲಿತಿದ್ದಾರೆ, ಅಷ್ಟೇ. ಪಾಟಿ ಸವಾಲಿನಲ್ಲಿ ಇಂಥ ಪ್ರಶ್ನೆಗಳೇ ಜಾಸ್ತಿ. ಅದಕ್ಕೇ ವಿಶೇಷ ಶಿಕ್ಷಕರು, ಅಂದರೆ ವೈಕಲ್ಯ ಇರುವವರಿಗೆ ಕಲಿಸುವ ತರಬೇತಿ ಪಡೆದವರು, ಬೇಕಾಗೋದು. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಮ್ಯಾಜಿಸ್ಟ್ರೇಟರು ಹೇಳಿಕೆ ಬರೆದುಕೊಳ್ಳುವಾಗ ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ವಿಡಿಯೊ ಮಾಡಬೇಕು. 2013ರ ತಿದ್ದುಪಡಿಯಲ್ಲಿ ಬಂದ ನಿಯಮ ಇದು. ಈಗ ಹಳೆಯ ಸಿಆರ್‌ಪಿಸಿ ಬದಲಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂನಲ್ಲಿದೆ. ಆ ಹೇಳಿಕೆಯನ್ನೇ ಮುಖ್ಯ ವಿಚಾರಣೆ ಅಂತ ಪರಿಗಣಿಸುತ್ತಾರೆ, ಕಥೆಯನ್ನು ಕಟಕಟೆಯಲ್ಲಿ ಮೊದಲಿಂದ ಮತ್ತೆ ಹೇಳಿಸಬೇಕಿಲ್ಲ. ಸಾಕ್ಷಿಯಾಗಿ ವಿಚಾರಿಸೋಕೆ ಅಂತ ಅವರನ್ನು ಸ್ಟೇಷನ್ನಿಗೆ ಬಾ ಅನ್ನುವಂತಿಲ್ಲ, ಪೊಲೀಸರೇ ಮನೆಗೆ ಹೋಗಬೇಕು. ಅದು 179ನೇ ಕಲಂ. ಇಷ್ಟೆಲ್ಲ ಇಟ್ಟುಕೊಂಡು ‘ಅವರ ಮಾತು ನಿಲ್ಲಲ್ಲ’ ಅಂತ ಸುಮ್ನೆ ದೂರು ವಾಪಸ್ ಕಳಿಸುತ್ತಾರಲ್ಲ, ಅದಕ್ಕೇ ಸಿಟ್ಟು ಬರೋದು.

ಇದು ಅರ್ಥವಾದರೆ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಸಿಕ್ಕ ಹಾಗೆ. ನೀವು ಬಾಯಿ ಹಾಕಿದರೆ ಸಾಕ್ಷಿ ಕೆಡುತ್ತದೆ. ‘ಹೇಳಮ್ಮ, ಅವತ್ತು ನನಗೆ ಹೇಳಿದ್ಯಲ್ಲ’ ಅಂತ ಪ್ರೀತಿಯಿಂದಲೇ ಅಂದಿರಿ ಅಂತಿಟ್ಟುಕೊಳ್ಳಿ. ಎದುರು ವಕೀಲರು ‘ಹೇಳಿಕೊಟ್ಟ ಸಾಕ್ಷಿ’ ಅನ್ನೋಕೆ ಅಷ್ಟು ಸಾಕು. ಘಟನೆಯ ಬಗ್ಗೆ ನೀವಾಗಿ ಏನೂ ಕೇಳಬೇಡಿ. ಅವರೇ ಹೇಳಿದರೆ ಕೇಳಿಸಿಕೊಳ್ಳಿ, ತಿದ್ದಬೇಡಿ. ಟೀಚರ್ ಆಗಿದ್ದವರಿಗೆ ತಿದ್ದದೆ ಇರೋದು ಎಷ್ಟು ಕಷ್ಟ ಅಂತ ಗೊತ್ತು, ನಾನೂ ಟೀಚರೇ.

ನಿಮ್ಮ ಕೆಲಸ ಬೇರೆ ಇದೆ. ವಾಯಿದೆಗೆ ಮುಂಚೆ ಒಂದು ದಿನ ಖಾಲಿ ಕೋರ್ಟ್ ಹಾಲ್ ತೋರಿಸಿ. ಜಡ್ಜ್ ಕೂರೋದು ಎಲ್ಲಿ, ತಾನು ನಿಲ್ಲೋದು ಎಲ್ಲಿ, ಶೌಚಾಲಯ ಎಲ್ಲಿ. ಹೆಸರು ಜೋರಾಗಿ ಕೂಗುತ್ತಾರೆ, ಅದು ಬೈಗುಳ ಅಲ್ಲ ಅಂತ ಮೊದಲೇ ಹೇಳಿಡಿ. ಮಾತ್ರೆ, ತಿಂಡಿ, ನೀರಿನ ಬಾಟಲ್ ಜೊತೆಗಿರಲಿ. ಕೇಸ್ ಮುಂದಕ್ಕೆ ಹೋದರೆ ‘ನೀನು ತಪ್ಪು ಮಾಡಿದ್ದಕ್ಕಲ್ಲ’ ಅಂತ ಹೇಳಿ. ಪ್ರಶ್ನೆ ಅರ್ಥ ಆಗುತ್ತಿಲ್ಲ ಅನ್ನಿಸಿದರೆ ಸರ್ಕಾರಿ ವಕೀಲರಿಗೆ ಚೀಟಿ ಕೊಡಿ, ಅವರು ಜಡ್ಜ್ ಗಮನಕ್ಕೆ ತರುತ್ತಾರೆ. ಊರಿನಲ್ಲಿ ಯಾರಿಗೆ ಯಾವ ವೈಕಲ್ಯ ಇದೆ ಅಂತ ಗೊತ್ತಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯೂ ಅವರನ್ನು, ಹಿಡಿಯಿರಿ.

ಒಂದು ವಿಷಯ ನೀವು ಕೇಳಿಲ್ಲ. ಯಾರೂ ಕೇಳೋದಿಲ್ಲ. ಬುದ್ಧಿ ಕಡಿಮೆ ಇರುವವರು ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರೋದು ಸಂತ್ರಸ್ತರು. ಅವರೇ ಆರೋಪಿ ಆದರೆ?

ಹೂಂ ಅನ್ನುವ ಅಭ್ಯಾಸ ಆಗ ಇನ್ನೂ ದುಬಾರಿ. 1972ರಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ಮ್ಯಾಕ್ಸ್‌ವೆಲ್ ಕಾನ್ಫೆ ಎಂಬುವರ ಕೊಲೆಯಾಯಿತು. ಪೊಲೀಸರು ಮೂವರು ಹುಡುಗರನ್ನು ಹಿಡಿದು ತಪ್ಪೊಪ್ಪಿಗೆ ಬರೆಸಿಕೊಂಡರು. ಅವರಲ್ಲಿ ದೊಡ್ಡವನಿಗೆ 18 ವರ್ಷ, ಬೌದ್ಧಿಕ ವೈಕಲ್ಯ ಇತ್ತು. ಶಿಕ್ಷೆಯೂ ಆಯಿತು. ತಪ್ಪೊಪ್ಪಿಗೆ ನಂಬುವಂಥದ್ದಲ್ಲ ಅಂತ 1975ರಲ್ಲಿ ಶಿಕ್ಷೆ ರದ್ದಾಯಿತು. ಅದರ ಮೇಲೆ ತನಿಖೆ ನಡೆದು, 1984ರ ಪೊಲೀಸ್ ಕಾಯ್ದೆ ಬಂತು. ಈಗ ಅಲ್ಲಿ ಇಂಥವರನ್ನು ವಿಚಾರಿಸುವಾಗ ಪೊಲೀಸಲ್ಲದ ಒಬ್ಬರು ಪಕ್ಕದಲ್ಲಿ ಇರಲೇಬೇಕು. ಎಷ್ಟೋ ಕಡೆ ಆ ಜಾಗದಲ್ಲಿ ಕೂರುವವರು ನಿಮ್ಮಂಥ ಸ್ವಯಂಸೇವಕರೇ.

ನಮ್ಮಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ, ಆದ್ದರಿಂದ ಭಯ ಇಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಅರ್ಧ ಸತ್ಯ. ಅವನು ತೋರಿಸಿದ ಜಾಗದಲ್ಲಿ ಸಾಮಾನು ಸಿಕ್ಕರೆ ಆ ಮಾತಿನ ಅಷ್ಟು ಭಾಗ ಕೋರ್ಟಿಗೆ ಹೋಗುತ್ತದೆ. ಅದಕ್ಕೇ ಮಹಜರಿನ ಮೇಲೆ ಕಣ್ಣಿರಬೇಕು. ಇನ್ನು ತನಿಖೆ ವೇಳೆ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ, ಹೆಬ್ಬೆಟ್ಟು ತೆಗೆದುಕೊಳ್ಳುವಂತಿಲ್ಲ.

ಹಾಗಾಗಿ ಯಾರಾದರೂ ಫೋನ್ ಮಾಡಿ ‘ನಮ್ಮ ಹುಡುಗನ್ನ ಸ್ಟೇಷನ್ನಿಗೆ ಕರ್ಕೊಂಡು ಹೋದ್ರು’ ಅಂದರೆ, ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿಸಿ. ವೈಕಲ್ಯ ಇರುವವರಿಗೆ ವಕೀಲರು ಉಚಿತ, ಆದಾಯದ ಮಿತಿ ಕೇಳುವಂತಿಲ್ಲ. ಯುಡಿಐಡಿ ಕಾರ್ಡು, ಸ್ಕೂಲಿನ ಕಾಗದ, ಆಸ್ಪತ್ರೆ ಚೀಟಿ, ಏನಿದೆಯೋ ಅದರ ಜೆರಾಕ್ಸ್ ತಗೊಂಡು ರಿಮಾಂಡ್ ವಕೀಲರ, ಅಂದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಆರೋಪಿಯ ಪರ ನಿಲ್ಲುವ ಉಚಿತ ವಕೀಲರ, ಕೈಗೆ ಕೊಡಿ. ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡುವ ಮೊದಲ ದಿನವೇ ಅದು ತಲುಪಬೇಕು. ಮುಂದೆ ಕೋರ್ಟು ‘ಇವನಿಗೆ ತನ್ನ ಕೇಸ್ ತಾನೇ ನಡೆಸುವ ಶಕ್ತಿ ಇಲ್ಲ’ ಅಂತ ಕಂಡುಕೊಂಡರೆ, ಜಾಮೀನು ಸಿಗದಂಥ ಅಪರಾಧದಲ್ಲೂ ಬಿಡುಗಡೆಗೆ ದಾರಿ ಇದೆ. ಆಸ್ಪತ್ರೆಯಲ್ಲಿ ಇರಿಸುವ ಅಗತ್ಯ ಇರಬಾರದು, ಹೊರಗಿನಿಂದಲೇ ಚಿಕಿತ್ಸೆ ಕೊಡಿಸುತ್ತೇನೆ, ನೋಡಿಕೊಳ್ಳುತ್ತೇನೆ ಅಂತ ಯಾರಾದರೂ ಬರೆದುಕೊಡಬೇಕು. ನೆಂಟರೇ ಆಗಬೇಕಿಲ್ಲ, ಸ್ನೇಹಿತರೂ ಆಗಬಹುದು ಅಂತ ಕಾನೂನೇ ಹೇಳುತ್ತದೆ. ಈ ಕೊನೆಯ ಸಾಲನ್ನು ವಕೀಲರಿಗೂ ಒಂದು ಸಲ ನೆನಪಿಸಿ.