ಇಲಿಗಳಿಗೆ ಗೆಡ್ಡೆ ಬಂದದ್ದು ನಿಜ, ಆದರೆ ಯಾವ ಇಲಿಗಳಿಗೆ?

ಪ್ರಶ್ನೆ: ಮೊಬೈಲ್ ತರಂಗಗಳಿಗೆ ಒಡ್ಡಿದ ಇಲಿಗಳಲ್ಲಿ ಕ್ಯಾನ್ಸರ್ ಕಾಣಿಸಿತು ಎಂದು ಓದಿದೆ. ಇದು ನಿಜವೇ? ಈ ತರಂಗಗಳು ಪ್ರಾಣಿಗಳ ಮೈಯೊಳಗೆ ಹೊಕ್ಕಾಗ ಏನಾಗುತ್ತದೆ?

ನೀವು ಓದಿದ್ದು ಸುಳ್ಳಲ್ಲ. ವಸ್ತುಗಳ ವಿಷಗುಣ ಪರೀಕ್ಷಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಂ 2018ರಲ್ಲಿ ಅಂಥ ವರದಿ ಕೊಟ್ಟಿದೆ. ಅದಕ್ಕೆ ಬರುವ ಮೊದಲು ಒಂದು ಪದದ ತಕರಾರು ಬಗೆಹರಿಸಿಕೊಳ್ಳೋಣ. ಎಕ್ಸ್-ರೇಯನ್ನೂ ವಿಕಿರಣ ಅನ್ನುತ್ತೇವೆ, ರೇಡಿಯೊ ತರಂಗವನ್ನೂ ವಿಕಿರಣ ಅನ್ನುತ್ತೇವೆ. ಅರ್ಧ ಭಯ ಹುಟ್ಟುವುದೇ ಇಬ್ಬರಿಗೂ ಒಂದೇ ಹೆಸರಿಟ್ಟಿದ್ದರಿಂದ. ಅಣುವೊಂದರಿಂದ ಎಲೆಕ್ಟ್ರಾನನ್ನು ಕಿತ್ತು ಹಾಕಲು ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಎಕ್ಸ್-ರೇಗೆ ಅದು ಲೆಕ್ಕವೇ ಅಲ್ಲ. ಮೊಬೈಲಿನ 900 ಮೆಗಾಹರ್ಟ್ಸ್ ತರಂಗದ ಒಂದು ಫೋಟಾನಿನಲ್ಲಿ, ಅಂದರೆ ಶಕ್ತಿಯ ಒಂದು ಕಣದಲ್ಲಿ, ಇರುವ ಶಕ್ತಿಯಾದರೋ ಆ ಹತ್ತರ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಹಾಗಾಗಿ ಎಕ್ಸ್-ರೇಯಂತೆ ಡಿಎನ್‌ಎ ಎಳೆಯನ್ನು ನೇರವಾಗಿ ಕತ್ತರಿಸುವುದು ಇದರ ಕೈಲಾಗದ ಕೆಲಸ.

ಕೈಲಾಗುವುದು ಬಿಸಿ ಮಾಡುವುದು. ನೀರಿನ ಅಣುವಿನ ಒಂದು ಬದಿ ಧನ, ಇನ್ನೊಂದು ಬದಿ ಋಣ. ತರಂಗದ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 90 ಕೋಟಿ ಸಲ ಅತ್ತಿಂದಿತ್ತ ತೊನೆದಾಡಿದರೆ ಅಣುವೂ ಅದರ ತಾಳಕ್ಕೆ ಹೊರಳಲು ನೋಡುತ್ತದೆ, ಅಕ್ಕಪಕ್ಕದ ಅಣುಗಳಿಗೆ ತಗಲುತ್ತದೆ. ಅಂಗಾಂಶದಲ್ಲಿರುವ ಸೋಡಿಯಂ, ಕ್ಲೋರೈಡ್ ಅಯಾನುಗಳೂ ಹೀಗೇ ತಳ್ಳಾಟಕ್ಕೆ ಸಿಕ್ಕುತ್ತವೆ. ಈ ತಿಕ್ಕಾಟವೇ ಶಾಖ. ನೀರು ತುಂಬಿದ ಸ್ನಾಯು ತರಂಗವನ್ನು ಹೆಚ್ಚು ಹೀರುತ್ತದೆ, ಕೊಬ್ಬು ಕಡಿಮೆ. ಮೈಕ್ರೊವೇವ್ ಒಲೆಯ 2,450 ಮೆಗಾಹರ್ಟ್ಸ್ ತರಂಗದ ಬಲ ಸ್ನಾಯುವಿನಲ್ಲಿ ಎರಡು ಸೆಂಟಿಮೀಟರಿನಷ್ಟು ಆಳಕ್ಕೇ ಬಹುಪಾಲು ಕುಗ್ಗುತ್ತದೆ. ಆವೃತ್ತಿ ಇನ್ನೂ ಹತ್ತಾರು ಪಟ್ಟು ಏರಿದರೆ ಚರ್ಮದಲ್ಲೇ ಎಲ್ಲ ಮುಗಿಯುತ್ತದೆ.

ಬಂದ ಶಾಖವನ್ನು ಹೊತ್ತೊಯ್ಯುವುದು ರಕ್ತ. ಆದ್ದರಿಂದ ರಕ್ತ ಹರಿಯದ ಜಾಗಕ್ಕೇ ಮೊದಲ ಪೆಟ್ಟು. ಕಣ್ಣಿನ ಮಸೂರದಲ್ಲಿ ರಕ್ತನಾಳವೇ ಇಲ್ಲ. ಬಲವಾದ ಮೈಕ್ರೊವೇವ್‌ಗೆ ಒಡ್ಡಿದ ಮೊಲಗಳಿಗೆ ಕಣ್ಣಿನ ಪೊರೆ ಬಂದದ್ದು ಹೀಗೆ. ವೃಷಣಗಳದು ಬೇರೆ ಕಷ್ಟ: ಮೈಗಿಂತ ಕೆಲವು ಡಿಗ್ರಿ ತಂಪಾಗಿದ್ದರಷ್ಟೇ ವೀರ್ಯಾಣು ಸರಿಯಾಗಿ ತಯಾರಾಗುವುದು. (ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ರೇಡಾರಿನಂಥ ಬಲವಾದ ಸ್ಪಂದಗಳು ತಲೆಗೆ ಬಿದ್ದರೆ ಅಂಗಾಂಶ ಒಂದು ಡಿಗ್ರಿಯ ಹತ್ತು ಲಕ್ಷದ ಕೆಲವೇ ಪಾಲಿನಷ್ಟು ಬಿಸಿಯಾಗಿ ತಟಕ್ಕನೆ ಹಿಗ್ಗುತ್ತದೆ. ಆ ಹಿಗ್ಗು ಒಳಗಿವಿಗೆ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಅಮೆರಿಕದ ವಿಜ್ಞಾನಿ ಅಲನ್ ಫ್ರೇ ಇದರ ಬಗ್ಗೆ 1961ರಲ್ಲೇ ಬರೆದರು.)

ಎಷ್ಟು ಶಕ್ತಿ ಮೈಗೆ ಇಳಿಯಿತು ಎಂಬುದನ್ನು ಒಂದು ಕಿಲೊ ಅಂಗಾಂಶಕ್ಕೆ ಇಷ್ಟು ವ್ಯಾಟ್ ಎಂದು ಅಳೆಯುತ್ತಾರೆ. ಅದೇ ಎಸ್‌ಎಆರ್. ಇಲಿ, ಕೋತಿಗಳಿಗೆ ಸನ್ನೆಕೋಲು ಒತ್ತಿ ಆಹಾರ ಪಡೆಯುವುದನ್ನು ಕಲಿಸಿ ತರಂಗ ಹಾಯಿಸಿದಾಗ, ಇಡೀ ಮೈಗೆ ಕಿಲೊಗೆ 4 ವ್ಯಾಟ್ ಆಸುಪಾಸಿನಲ್ಲಿ ಅವು ಕೆಲಸ ಬಿಟ್ಟು ಸುಮ್ಮನಾದವು. ಮೈಶಾಖ ಸುಮಾರು 1 ಡಿಗ್ರಿ ಏರಿತ್ತು. ಆ ನಾಲ್ಕನ್ನು ಐವತ್ತರಿಂದ ಭಾಗಿಸಿ ಜನಸಾಮಾನ್ಯರ ಮಿತಿಯನ್ನು 0.08 ವ್ಯಾಟ್‌ಗೆ ನಿಲ್ಲಿಸಿದ್ದಾರೆ. ಸುಮ್ಮನೆ ಕೂತ ಮನುಷ್ಯನ ದೇಹ ತಾನೇ ಕಿಲೊಗೆ ಒಂದು ವ್ಯಾಟಿಗಿಂತ ತುಸು ಹೆಚ್ಚು ಶಾಖ ಹುಟ್ಟಿಸುತ್ತದೆ, ಹೋಲಿಸಿ ನೋಡಿ.

ಈಗ ಅಮೆರಿಕದ ವರದಿಯ ಆ ಇಲಿಗಳು. ತಾಯಿಯ ಗರ್ಭದಲ್ಲಿದ್ದಾಗಿನಿಂದ ಎರಡು ವರ್ಷ, ಹತ್ತು ನಿಮಿಷ ತರಂಗ, ಹತ್ತು ನಿಮಿಷ ಬಿಡುವು, ಒಟ್ಟು ದಿನಕ್ಕೆ ಸುಮಾರು 9 ಗಂಟೆ ತರಂಗ. ಪ್ರಮಾಣ ಇಡೀ ಮೈಗೆ ಕಿಲೊಗೆ 1.5, 3 ಮತ್ತು 6 ವ್ಯಾಟ್. ಆರು ಅಂದರೆ ಜನರ ಮಿತಿಯ 75 ಪಟ್ಟು, ಇಲಿಯ ಮೈ ತಾನಾಗಿ ಉತ್ಪಾದಿಸುವ ಶಾಖಕ್ಕೆ ಹೆಚ್ಚುಕಡಿಮೆ ಸಮ. ಜಿಎಸ್‌ಎಂ, ಸಿಡಿಎಂಎ ಎಂಬವು ಮೊಬೈಲ್ ಸಂಕೇತದ ಎರಡು ಬಗೆ. ಆ ಮಟ್ಟದಲ್ಲಿ ಒಂದೊಂದು ಬಗೆಗೆ ಒಡ್ಡಿದ ತಲಾ 90 ಗಂಡು ಇಲಿಗಳ ಪೈಕಿ ಜಿಎಸ್‌ಎಂ ಗುಂಪಿನ ಐದರಲ್ಲಿ, ಸಿಡಿಎಂಎ ಗುಂಪಿನ ಆರರಲ್ಲಿ ಹೃದಯದ ನರದ ಹೊದಿಕೆಯ ಮಾರಕ ಗೆಡ್ಡೆ, ಅಂದರೆ ಶ್ವಾನೋಮಾ, ಕಂಡಿತು. ತರಂಗ ಸೋಕದ 90 ಗಂಡುಗಳಲ್ಲಿ ಒಂದಕ್ಕೂ ಇರಲಿಲ್ಲ. ವರದಿ ಇದನ್ನು 'ಸ್ಪಷ್ಟ ಪುರಾವೆ' ಎಂದೇ ಕರೆಯಿತು. ಹೆಣ್ಣು ಇಲಿಗಳಲ್ಲೂ ಸುಂಡಿಲಿಗಳಲ್ಲೂ ಅಂಥ ಪುರಾವೆ ಸಿಗಲಿಲ್ಲ. ಇನ್ನೊಂದು ತಮಾಷೆ: ತರಂಗ ತಿಂದ ಗಂಡು ಇಲಿಗಳು ತಿನ್ನದವುಗಳಿಗಿಂತ ಹೆಚ್ಚು ಕಾಲ ಬದುಕಿದವು, ಅವುಗಳ ಮೂತ್ರಪಿಂಡದ ಕಾಯಿಲೆ ಕಡಿಮೆಯಿತ್ತು. ಮೊದಲ ಸುದ್ದಿಯನ್ನು ನಂಬಿ ಎರಡನೆಯದನ್ನು ಬದಿಗಿಡುವ ಪತ್ರಿಕೆಗಳ ಮೇಲೆ ನನಗೆ ಸಿಟ್ಟಿದೆ. ಹಾಗೆಂದು ಇಡೀ ಅಧ್ಯಯನವನ್ನೇ ತಳ್ಳಿಹಾಕುವವರ ಪರವೂ ನಾನಿಲ್ಲ. ಇಟಲಿಯ ರಾಮಝ್ಝೀನಿ ಸಂಸ್ಥೆ ಅದೇ 2018ರಲ್ಲಿ, ಬಹಳ ಕಡಿಮೆ ಬಲದ ತರಂಗ ಬಳಸಿಯೂ, ಗಂಡು ಇಲಿಗಳ ಹೃದಯದಲ್ಲಿ ಅದೇ ಬಗೆಯ ಗೆಡ್ಡೆ ಕಂಡದ್ದಾಗಿ ಹೇಳಿತು. ಇದಕ್ಕೂ ಮುಂಚೆ, 2011ರಲ್ಲೇ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ತರಂಗಗಳನ್ನು 2ಬಿ ಗುಂಪಿಗೆ, ಅಂದರೆ 'ಕ್ಯಾನ್ಸರ್ ತರುವ ಸಾಧ್ಯತೆ ಇದೆ' ಎಂಬ ಸಾಲಿಗೆ ಸೇರಿಸಿತ್ತು. ಇಲಿಯ ಹೃದಯದಿಂದ ಮನುಷ್ಯನ ಕಿವಿಗೆ ನೇರ ಗೆರೆ ಎಳೆಯಲು ಇಷ್ಟು ಸಾಲದು ಎಂಬುದು ನನ್ನ ಎಣಿಕೆ.

ಶಾಖ ಬಿಟ್ಟರೆ ಬೇರೆ ದಾರಿಯೇ ಇಲ್ಲವೇ? ಒಂದು ಉದಾಹರಣೆ ಗಟ್ಟಿಯಾಗಿದೆ, ಆದರೆ ಅದು ಮೊಬೈಲಿನದಲ್ಲ. ಜರ್ಮನಿಯ ಓಲ್ಡೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವಲಸೆ ಹಕ್ಕಿ ರಾಬಿನ್‌ಗಳು ದಿಕ್ಕು ಹಿಡಿಯಲಾರದೆ ತಡಕಾಡುತ್ತಿದ್ದವು. ಸಂಶೋಧಕರು ಮರದ ಗುಡಿಸಲುಗಳಿಗೆ ಅಲ್ಯೂಮಿನಿಯಂ ಹೊದಿಸಿ, ತಂತಿಯಿಂದ ನೆಲಕ್ಕೆ ಜೋಡಿಸಿ ಭೂಸ್ಪರ್ಶ (ಅರ್ಥಿಂಗ್) ಕೊಟ್ಟರು. ಹಕ್ಕಿಗಳು ಭೂಮಿಯ ಕಾಂತಕ್ಷೇತ್ರ ಹಿಡಿದು ಸರಿಯಾದ ಕಡೆಗೆ ತಿರುಗಿದವು. ತಂತಿ ಕಳಚಿದರೆ ಮತ್ತೆ ಗೊಂದಲ. ಕಾಟ ಕೊಡುತ್ತಿದ್ದದ್ದು 5 ಮೆಗಾಹರ್ಟ್ಸ್‌ಗಿಂತ ಕೆಳಗಿನ, ವಿದ್ಯುತ್ ಉಪಕರಣಗಳೂ ಎಎಂ ರೇಡಿಯೊ ಕೇಂದ್ರಗಳೂ ಸೂಸುವಂಥ ಗದ್ದಲ. ಮೈಯನ್ನು ಬಿಸಿ ಮಾಡುವ ಮಟ್ಟದ ಹತ್ತಿರಕ್ಕೂ ಅದು ಬರುವುದಿಲ್ಲ. 2014ರಲ್ಲಿ ಇದು ಪ್ರಕಟವಾಯಿತು.